ಮೂಳೆಗೆಡ್ಡೆಯ ನಂತರದ ಲೋಹದ ಕೀಲು: ಬಾಳಿಕೆಯ ಲೆಕ್ಕ ಬದಲಾದ ಬಗೆ

ಅಮೆರಿಕದ ಆಸ್ಟಿನ್ ಮೂರ್ ಮತ್ತು ಹೆರಾಲ್ಡ್ ಬೋಲ್ಮನ್ 1940ರಲ್ಲಿ ರೋಗಿಯೊಬ್ಬನ ತೊಡೆಮೂಳೆಯ ಮೇಲ್ಭಾಗವನ್ನು ಗೆಡ್ಡೆಯ ಸಮೇತ ತೆಗೆದು, ಅಲ್ಲಿ ವೈಟಾಲಿಯಂ ಮಿಶ್ರಲೋಹದ ಕೀಲನ್ನು ಕೂರಿಸಿದರು. ಅದರ ವರದಿ 1943ರಲ್ಲಿ ಅಚ್ಚಾಯಿತು. ಮುಂದೆ ಲಂಡನ್ನಿನ ಸ್ಟಾನ್‌ಮೋರ್‌ನಲ್ಲಿ ಜಾನ್ ಸ್ಕೇಲ್ಸ್ ಮತ್ತು ಸಂಗಡಿಗರು ಒಬ್ಬೊಬ್ಬ ರೋಗಿಯ ಅಳತೆಗೂ ಇಂಥ ಪ್ರಾಸ್ಥೆಸಿಸ್‌ಗಳನ್ನು, ಎಂದರೆ ಕೃತಕ ಕೀಲುಗಳನ್ನು, ತಯಾರಿಸತೊಡಗಿದರು. ಇಂಥ ಕೀಲು ಎಷ್ಟು ಕಾಲ ಬಾಳೀತು ಎಂಬುದು ಆಗಿನ್ನೂ ದೊಡ್ಡ ಪ್ರಶ್ನೆಯಾಗಿರಲಿಲ್ಲ. ಆಸ್ಟಿಯೊಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಬಂದರೆ ಕಾಲು ಕತ್ತರಿಸಿದರೂ ಹೆಚ್ಚಿನವರು ಕೆಲವೇ ವರ್ಷಗಳಲ್ಲಿ ತೀರಿಕೊಳ್ಳುತ್ತಿದ್ದರು.

ಪ್ರಶ್ನೆಯನ್ನು ದೊಡ್ಡದು ಮಾಡಿದ್ದು ಔಷಧಿ. 1970ರ ದಶಕದಲ್ಲಿ ಮೆಥೊಟ್ರೆಕ್ಸೇಟ್, ಅಡ್ರಿಯಾಮೈಸಿನ್ ಬಂದ ಮೇಲೆ ಬದುಕುಳಿಯುವವರು ಹೆಚ್ಚಿದರು. ತೊಡೆಮೂಳೆಯ ಕೆಳತುದಿಯ ಆಸ್ಟಿಯೊಸಾರ್ಕೋಮಾ ಇದ್ದ 227 ರೋಗಿಗಳ 1986ರ ಅಧ್ಯಯನವು, ಕಾಲು ಉಳಿಸಿದರೂ ಕತ್ತರಿಸಿದರೂ ಆಯುಸ್ಸಿನಲ್ಲಿ ವ್ಯತ್ಯಾಸ ಕಾಣದೆಂದು ತೋರಿಸಿತು. ಈ ರೋಗ ಹೆಚ್ಚಾಗಿ ಕಾಡುವುದು ಹದಿಹರೆಯದವರನ್ನು. ಹದಿನೈದರ ಹುಡುಗಿಗೆ ಹಾಕಿದ ಕೀಲು ಐವತ್ತು ವರ್ಷವಾದರೂ ಅವಳ ಭಾರ ಹೊರಬೇಕು, ಹೊರುವುದು ಅಪರೂಪ.

1996ರಲ್ಲಿ ಅನ್ವಿನ್ ಮತ್ತಿತರರು 1,001 ಸ್ಟಾನ್‌ಮೋರ್ ಪ್ರಾಸ್ಥೆಸಿಸ್‌ಗಳ ಲೆಕ್ಕ ಪ್ರಕಟಿಸಿದರು. ಲೋಹವನ್ನು ಮೂಳೆಗೆ ಹಿಡಿದಿಡುವ ಸಿಮೆಂಟ್ ಸೋಂಕಿಲ್ಲದೆಯೇ ಸಡಿಲಗೊಳ್ಳುವ ತೊಂದರೆಗೆ ಸಿಗದೆ ಹತ್ತು ವರ್ಷ ಉಳಿಯುವ ಸಂಭವ ತೊಡೆಮೂಳೆಯ ಮೇಲ್ತುದಿಯಲ್ಲಿ ಶೇ. 93.8 ಇದ್ದರೆ, ಅದರ ಕೆಳತುದಿಯಲ್ಲಿ ಶೇ. 67.4, ಮೊಣಕಾಲ ಕೆಳಗಿನ ಮೂಳೆಯಲ್ಲಿ ಶೇ. 58. ಒಂದೇ ಕಾಲು, ಒಂದೇ ಕಾರ್ಖಾನೆ. ಆದರೂ ಇಷ್ಟು ಅಂತರ. ಹಳೆಯ ಮೊಣಕಾಲು ಕೀಲು ಬಾಗಿಲ ತಿರುಗಣಿಯಂತೆ ಮಡಚುವುದಷ್ಟೇ, ಹೊರಳುತ್ತಿರಲಿಲ್ಲ. ಹೆಜ್ಜೆ ಹೊರಳಿದಾಗಲೆಲ್ಲ ಆ ತಿರುಚು ಸಿಮೆಂಟಿನ ಮೇಲೆ ಬೀಳುತ್ತಿತ್ತು.

ಹೊರಳುವ ಕೀಲು ಬಂದಿತು. ಮೂಳೆ ತಾನಾಗಿ ಅಂಟಿಕೊಳ್ಳಲೆಂದು ಹೈಡ್ರಾಕ್ಸಿಅಪಟೈಟ್ ಎಂಬ ಖನಿಜವನ್ನು ಲೇಪಿಸಿದ ಪಟ್ಟಿಯೂ ಸೇರಿತು. ಬರ್ಮಿಂಗ್‌ಹ್ಯಾಮ್‌ನ 335 ರೋಗಿಗಳ 2007ರ ವರದಿಯಲ್ಲಿ, ಸಡಿಲಿಕೆಗಾಗಿ ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಗುವ ಹತ್ತು ವರ್ಷದ ಸಂಭವ ಹಳೆಯ ಕೀಲಿಗೆ ಶೇ. 35, ಪಟ್ಟಿಯಿಲ್ಲದ ಹೊರಳುವ ಕೀಲಿಗೆ ಶೇ. 24, ಪಟ್ಟಿಯುಳ್ಳದ್ದಕ್ಕೆ ಶೂನ್ಯ. ಈ ಶೂನ್ಯವನ್ನು ಎಚ್ಚರದಿಂದ ಓದಬೇಕು: ಅದು ಸಡಿಲಿಕೆಯೊಂದರ ಲೆಕ್ಕ. ಅದೇ ವರದಿ ಎಲ್ಲ ಕಾರಣಗಳನ್ನೂ ಒಟ್ಟಿಗಿಟ್ಟಾಗ ಇಪ್ಪತ್ತು ವರ್ಷಕ್ಕೆ ಶೇ. 58 ಮರುಶಸ್ತ್ರಚಿಕಿತ್ಸೆ ಎಂದಿತು.

ಸಡಿಲಿಕೆ ತಗ್ಗಿದಲ್ಲಿ ಸೋಂಕು ಎದ್ದು ಕಂಡಿತು. ಮೊಣಕಾಲ ಕೆಳಗೆ ಲೋಹವನ್ನು ಮುಚ್ಚುವುದು ಬರೀ ತೆಳು ಚರ್ಮ. ಮೀನಖಂಡದ ಸ್ನಾಯುವನ್ನು ಮುಂದಕ್ಕೆ ತಿರುಗಿಸಿ ಹೊದಿಸಿದಾಗ ಬರ್ಮಿಂಗ್‌ಹ್ಯಾಮ್‌ನಲ್ಲಿ ಸೋಂಕು ಶೇ. 36ರಿಂದ 12ಕ್ಕೆ ಇಳಿಯಿತು. ನನ್ನ ಮಟ್ಟಿಗೆ ಈ ಇತಿಹಾಸದ ಅತ್ಯುತ್ತಮ ಸುಧಾರಣೆ ಇದೇ, ಲೋಹಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಔಷಧಿಯ ಕಡೆಯಿಂದ ಅಂಥ ಗೆಲುವು ಸಿಕ್ಕಿಲ್ಲ. 604 ರೋಗಿಗಳ ಮೇಲೆ ನಡೆದ ಪ್ಯಾರಿಟಿ ಪ್ರಯೋಗದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಐದು ದಿನ ಆಂಟಿಬಯಾಟಿಕ್ ಕೊಟ್ಟವರಲ್ಲಿ ಶೇ. 15, ಒಂದೇ ದಿನ ಕೊಟ್ಟವರಲ್ಲಿ ಶೇ. 16.7 ಮಂದಿಗೆ ಸೋಂಕು ತಗುಲಿತು, ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ.