ಪುಟಕ್ಕಿಟ್ಟ ಚಿನ್ನ: ಕೋಲಾರದ ಗಣಿನೆಲದಲ್ಲಿ ಆಂತರಿಕ ಪರಿವರ್ತನೆಯ ಪ್ರಶ್ನೆ

ಆಧ್ಯಾತ್ಮಿಕ ಬೆಳವಣಿಗೆಯನ್ನು ಕುರಿತ ನಮ್ಮ ಪ್ರಬೋಧನೆಗಳಲ್ಲಿ ಪುಟಕ್ಕಿಟ್ಟ ಚಿನ್ನದಷ್ಟು ಸವೆದ ಹೋಲಿಕೆ ಬೇರೊಂದಿಲ್ಲ. ಮಲಾಕಿ, ಜೆಕರ್ಯ ಪ್ರವಾದಿಗಳ ಗ್ರಂಥಗಳೂ ಪೇತ್ರನ ಮೊದಲನೆಯ ಪತ್ರವೂ ಅದಕ್ಕೆ ಆಧಾರ ಒದಗಿಸುತ್ತವೆ. ಚಿನ್ನವನ್ನು ತಮ್ಮ ಕೈಯಿಂದಲೇ ನೆಲದಾಳದಿಂದ ಎತ್ತುತ್ತಿದ್ದವರ ಕಿವಿಯಲ್ಲಿ ಈ ಮಾತಿಗೆ ಯಾವ ಅರ್ಥವಿದ್ದೀತು ಎಂದು ಕೇಳಿಕೊಳ್ಳಲು ನಾವು ದೂರ ಹೋಗಬೇಕಿಲ್ಲ; ಬಂಗಾರಪೇಟೆಯವರೆಗೆ ಹೋದರೆ ಸಾಕು.

ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರಿನಿಂದ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ಊರು ಗಣಿಗಳ ಹೆಬ್ಬಾಗಿಲು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡ ಮೇಲೆ ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಜಿಲ್ಲೆಗಳಿಂದ ಸಾವಿರಾರು ಜನ ಬಂದರು. ಅವರಲ್ಲಿ ಹೆಚ್ಚಿನವರು ಊರಿನಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದವರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ತಲುಪಿತು. ಚಾಂಪಿಯನ್ ರೀಫ್ ಗಣಿ ಕ್ರಮೇಣ ಮೂರು ಕಿಲೋಮೀಟರಿಗೂ ಆಳಕ್ಕಿಳಿಯಿತು. ಆ ಆಳದಲ್ಲಿ ಬಂಡೆ ಸುಡುತ್ತದೆ; ಒತ್ತಡ ತಾಳಲಾರದೆ ಸಿಡಿಯುತ್ತದೆ. ಯೋಬನ ಗ್ರಂಥದ 28ನೆಯ ಅಧ್ಯಾಯ ವರ್ಣಿಸುವ, ಜನವಸತಿಯಿಂದ ದೂರ ಕತ್ತಲಲ್ಲಿ ತೂಗಾಡುವ ಗಣಿಗಾರರು ಇಲ್ಲಿ ಬರಿಯ ರೂಪಕವಾಗಿರಲಿಲ್ಲ.

ಮೈಸೂರು ಸೀಮೆಯಲ್ಲಿ ದುಡಿದ ಆಬೆ ದ್ಯುಬುವಾ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಹಿಂದೂಗಳ ನಿಜವಾದ ಮನಪರಿವರ್ತನೆ ಅಸಾಧ್ಯವೆಂದೇ ತೀರ್ಪಿತ್ತಿದ್ದರು. ಮೂವತ್ತು ವರ್ಷ ಜನರ ನಡುವೆ ಬಾಳಿದವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅವರ ಅಳತೆಗೋಲು ಯಾವುದು? ಜಾತಿಯ ಕಟ್ಟುಪಾಡುಗಳನ್ನು ಸಮಾಜದ ಅಡಿಪಾಯವೆಂದು ಮೆಚ್ಚಿದ ಕಣ್ಣು, ಆ ಕಟ್ಟಿನ ಹೊರಗೆ ನಿಂತವರ ಒಳಗಿನ ಚಲನೆಯನ್ನು ಕಾಣುವುದು ಕಷ್ಟ.

ಗಣಿನೆಲದಲ್ಲಿ ಆ ಚಲನೆ ಒಂದೇ ಹಾದಿಯಲ್ಲಿ ಸಾಗಲಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ನುರಿತ ಗಣಿಗಾರರು ಮೆಥೊಡಿಸ್ಟ್ ಸಂಪ್ರದಾಯದ ಮಕ್ಕಳು. ಜಾನ್ ವೆಸ್ಲಿ 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ರೂಪಿಸಿದ 'ಕ್ಲಾಸ್' ಎಂಬ ಪುಟ್ಟ ಕೂಟ ಆ ಸಂಪ್ರದಾಯದ ಬೆನ್ನೆಲುಬು: ಸುಮಾರು ಹನ್ನೆರಡು ಮಂದಿ, ವಾರಕ್ಕೊಮ್ಮೆ, ತಮ್ಮ ಆತ್ಮದ ಸ್ಥಿತಿಯನ್ನು ಪರಸ್ಪರ ವಿಚಾರಿಸಿಕೊಳ್ಳುವ ಏರ್ಪಾಡು. ಕಟ್ಟಡದ ಸಾಲ ತೀರಿಸಲು ತಲೆಗೊಂದು ಪೆನ್ನಿ ಎತ್ತುವುದಕ್ಕಾಗಿ ಹುಟ್ಟಿದ ಈ ವ್ಯವಸ್ಥೆ ಪಾವನತೆಯ ಶಾಲೆಯಾಯಿತೆಂಬುದು ಚರಿತ್ರೆಯ ಸೊಗಸುಗಳಲ್ಲೊಂದು. ಕಥೋಲಿಕರಿಗೆ ಪಾಪನಿವೇದನೆ, ಜಪಸರ, ಮಾತೆ ಮರಿಯಳ ಹಬ್ಬಗಳಿದ್ದವು. ಇವೆರಡಕ್ಕೂ ಹೊರಗೆ, ಅಯೋತಿದಾಸ ಪಂಡಿತರು 1898ರಲ್ಲಿ ಮದ್ರಾಸಿನಲ್ಲಿ ಸ್ಥಾಪಿಸಿದ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಬೇರೂರಿತು. ನೀನು ಹುಟ್ಟಿನಿಂದ ಕೀಳಲ್ಲ ಎಂಬ ಅರಿವನ್ನು ಅದು ಅದೇ ಕಾರ್ಮಿಕರಿಗೆ ನೀಡಿತು. ನಮ್ಮ ಧರ್ಮಸಭೆಯ ಚರಿತ್ರಕಾರರು ಈ ನೆರೆಯವರನ್ನು ಬಹುಮಟ್ಟಿಗೆ ಮರೆತಿದ್ದಾರೆ. ಅದು ನಮಗೇ ನಷ್ಟ. ಕ್ರಿಸ್ತನಲ್ಲಿ ಹೊಸ ಸೃಷ್ಟಿಯಾದೆನೆಂದು ಕೇಳಿಸಿಕೊಂಡವನು, ದೇವಾಲಯದಲ್ಲಿ ತಾನು ಕೂರುವ ಜಾಗ ಬದಲಾಯಿತೇ ಎಂದು ನೋಡದೆ ಇರುತ್ತಾನೆಯೇ?

ಇನ್ನು ಹೋಲಿಕೆಗೆ ಬರೋಣ. ಕೋಲಾರದ ಚಿನ್ನ ಬೆಂಕಿಯಿಂದ ಹೊರಬಂದದ್ದಲ್ಲ. ಅದಿರನ್ನು ಮೊದಲು ಯಂತ್ರಗಳಡಿ ಕುಟ್ಟಿ ಪುಡಿಮಾಡಬೇಕು. ಪಾದರಸಕ್ಕೂ, ಮುಂದೆ ಸೈನೈಡ್ ದ್ರಾವಣಕ್ಕೂ ಒಡ್ಡಿ ಲೋಹವನ್ನು ಬೇರ್ಪಡಿಸಬೇಕು. ಬೆಂಕಿ ಬರುವುದು ಕೊನೆಯಲ್ಲಿ. ಒಂದು ಟನ್ ಅದಿರಿಗೆ ದೊರೆಯುವುದು ಕೆಲವೇ ಗ್ರಾಂ. ಉಳಿದದ್ದೆಲ್ಲ ಇಂದಿಗೂ ಸೈನೈಡ್ ದಿಬ್ಬಗಳಾಗಿ ನಿಂತಿದೆ, ಗಾಳಿ ಬೀಸಿದರೆ ಕಾಲೊನಿಗಳ ಮೇಲೆ ಧೂಳಾಗಿ ಇಳಿಯುತ್ತದೆ. ಆತ್ಮವೇ ಚಿನ್ನ, ದೇಹವೂ ದುಡಿಮೆಯೂ ಬರಿಯ ಕಸ ಎಂದು ಬೋಧಿಸುವಾಗ ನಾವು ಪವಿತ್ರ ಗ್ರಂಥಕ್ಕಿಂತ ಈ ಕಾರ್ಖಾನೆಗೇ ಹತ್ತಿರವಾಗಿರುತ್ತೇವೆ. ಸಂತ ಪೌಲನ ಮಾತು ಬೇರೆ. ರೋಮನರಿಗೂ ಕೊರಿಂಥದವರಿಗೂ ಬರೆಯುತ್ತ ಅವನು ಬಳಸುವ ಗ್ರೀಕ್ ಕ್ರಿಯಾಪದ ರೂಪಾಂತರವನ್ನು ಸೂಚಿಸುತ್ತದೆ, ಬೇರ್ಪಡಿಸುವಿಕೆಯನ್ನಲ್ಲ; ಬದಲಾಗುವುದು ಇಡೀ ಮನುಷ್ಯ. ಪೇತ್ರನ ಪತ್ರವಾದರೂ ಪರೀಕ್ಷೆಗೊಳಗಾದ ವಿಶ್ವಾಸವನ್ನು ಚಿನ್ನಕ್ಕಿಂತ ಮಿಗಿಲೆನ್ನುತ್ತದೆ, ಚಿನ್ನವನ್ನು ನಶಿಸುವ ವಸ್ತುಗಳ ಸಾಲಿಗೆ ಸೇರಿಸುತ್ತದೆ. ಮೇಲಾಗಿ ಅದು ನೊಂದವರು ನೊಂದವರಿಗೆ ಹೇಳಿದ ಸಾಂತ್ವನ. ಅದೇ ಮಾತನ್ನು ಸುಖವಾಗಿರುವವನು ಪೀಠದಿಂದ ಹೇಳಿದರೆ, ಸಿಲಿಕಾ ಧೂಳಿನಿಂದ ಎದೆ ಕಟ್ಟಿದವನಿಗೆ 'ನಿನ್ನ ಕೆಮ್ಮು ದೇವರ ಕುಲುಮೆ' ಎಂದಂತಾಗುತ್ತದೆ.

1930ರಲ್ಲಿ ಗಣಿಗಳಲ್ಲಿ ದೊಡ್ಡ ಮುಷ್ಕರವೊಂದು ನಡೆಯಿತು. ಪ್ರತಿ ಕಾರ್ಮಿಕನ ಹೆಬ್ಬೆಟ್ಟಿನ ಗುರುತು ಪಡೆದು ದಾಖಲಿಸುವ ಕ್ರಮ ಅದಕ್ಕೆ ಕಿಡಿಯಾಗಿತ್ತು. ಕೂಲಿಯ ಪ್ರಶ್ನೆಗಿಂತ ಮುಂಚೆ ಮಾನದ ಪ್ರಶ್ನೆ ಎದ್ದಿತ್ತೆಂಬುದು ಗಮನಾರ್ಹ. ಇದನ್ನು ಕ್ರೈಸ್ತ ಘಟನೆಯೆಂದು ಕರೆಯುವುದು ಅತಿಕ್ರಮಣವಾದೀತು. ಮುಷ್ಕರ ಹೂಡಿದವರಲ್ಲಿ ಎಲ್ಲ ಮತದವರೂ ಇದ್ದರು. ಆದರೂ ಅಪರಾಧಿಯಂತೆ ಗುರುತಿಸಲ್ಪಡಲು ಒಲ್ಲೆನೆಂದ ಆ ನಿರಾಕರಣೆಯ ಹಿಂದೆ ದಶಕಗಳ ಒಳಗಿನ ಬೆಳವಣಿಗೆ ಇತ್ತೆಂದೇ ನಮ್ಮ ಎಣಿಕೆ, ಮತ್ತು ಆ ಬೆಳವಣಿಗೆಯಲ್ಲಿ ದೀಕ್ಷಾಸ್ನಾನದಲ್ಲಿ ಹೆಸರು ಹಿಡಿದು ಕರೆಯಲ್ಪಟ್ಟವರ ಪಾಲೂ ಇದ್ದಿರಬೇಕು. 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಪಾವನತೆಯ ಕರೆ ಸರ್ವರಿಗೂ ಎಂದು ಸಾರಿತು. 1981ರಲ್ಲಿ ಎರಡನೆಯ ಜಾನ್ ಪೌಲ್ ಪೋಪರು ತಮ್ಮ ವಿಶ್ವಪರಿಪತ್ರದಲ್ಲಿ ದುಡಿಮೆಯ ಆಧ್ಯಾತ್ಮಿಕತೆಯ ಬಗೆಗೆ ಬರೆದರು. ನಮ್ಮ ಗುರುಮಠಗಳಲ್ಲಿ ಈ ಎರಡನ್ನೂ ಬೇರೆ ಬೇರೆ ವಿಷಯಗಳ ಅಡಿಯಲ್ಲಿ, ಬೇರೆ ಬೇರೆ ಅಧ್ಯಾಪಕರಿಂದ ಕಲಿಯುವ ರೂಢಿ ಇನ್ನೂ ಹೋಗಿಲ್ಲ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಇಂದು ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಸಾವಿರಾರು ಜನ ನಿತ್ಯ ಬೆಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುತ್ತಾರೆ. ನಸುಕಿನಲ್ಲಿ ಹೊರಟು ಕತ್ತಲಾದ ಮೇಲೆ ಮರಳುತ್ತಾರೆ. ವಾರಕ್ಕೊಮ್ಮೆ ಕುಳಿತು ಪರಸ್ಪರರ ಆತ್ಮಕ್ಷೇಮ ವಿಚಾರಿಸುವ ಹನ್ನೆರಡು ಮಂದಿಯ ಕೂಟವನ್ನು ಇವರಿಗಾಗಿ ಯಾವ ಹೊತ್ತಿನಲ್ಲಿ, ಎಲ್ಲಿ ಕೂಡಿಸಬಹುದೆಂಬುದು ಅಲ್ಲಿಗೆ ನೇಮಕಗೊಳ್ಳುವ ಯುವ ಗುರುಗಳ ಮುಂದಿರುವ ಪ್ರಶ್ನೆ. ರೈಲಿನ ಡಬ್ಬಿಯಾದರೂ ಆಗಬಹುದು.