‘ಮರಳಿ ಬರುವುದೇ?’ – ಒಂದು ಪ್ರಶ್ನೆಯ ಚರಿತ್ರೆ

ಪುರುಷರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಹಿರಿಯರು ನಿಮ್ಮ ಕುಟುಂಬದಲ್ಲೋ ನೆರೆಮನೆಯಲ್ಲೋ ಇರಬಹುದು. ರೋಗ ಕಳೆಯಿತೆಂಬ ಸಮಾಧಾನದ ಬೆನ್ನಿಗೇ ‘ಅದು ಮರಳಿ ಬರುವುದೇ?’ ಎಂಬ ಪ್ರಶ್ನೆ ಅವರನ್ನು ಕಾಡತೊಡಗುತ್ತದೆ. ವೈದ್ಯಶಾಸ್ತ್ರವು ಇದಕ್ಕೆ ಉತ್ತರ ಅರಸಿದ ಬಗೆಯನ್ನು ಅರಿತರೆ, ಅವರ ಕೈಯಲ್ಲಿರುವ ರಕ್ತಪರೀಕ್ಷೆಯ ವರದಿಯನ್ನು ನಾವು ಭಯಕ್ಕಿಂತ ವಿವೇಕದಿಂದ ಓದಬಲ್ಲೆವು.

1904ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಅವರು ಕ್ಯಾನ್ಸರ್ ತಗುಲಿದ ಈ ಗ್ರಂಥಿಯನ್ನು ಪೂರ್ಣವಾಗಿ ತೆಗೆಯುವ ಶಸ್ತ್ರಚಿಕಿತ್ಸೆ ನಡೆಸಿದರು. ರೋಗ ಮರಳಿತೆಂಬುದು ಆ ಕಾಲದಲ್ಲಿ ಮೂಳೆನೋವಿನಂತಹ ಲಕ್ಷಣಗಳು ಕಾಣಿಸಿಕೊಂಡ ಮೇಲೆಯೇ ತಿಳಿಯುತ್ತಿತ್ತು. 1966ರಲ್ಲಿ ಮಿನಿಯಾಪೊಲಿಸ್ ನಗರದ ಡೊನಾಲ್ಡ್ ಗ್ಲೀಸನ್ ಅವರು, ಸೂಕ್ಷ್ಮದರ್ಶಕದಡಿ ಕಾಣುವ ಅಂಗಾಂಶದ ವಿನ್ಯಾಸವನ್ನು ನೋಡಿ ರೋಗದ ಉಗ್ರತೆಯನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ವರದಿಗಳಲ್ಲಿ ಇಂದಿಗೂ ಕಾಣುವ ‘ಗ್ಲೀಸನ್ ಅಂಕ’ ಅದರಿಂದಲೇ ಬಂದುದು.

ಪ್ರಾಸ್ಟೇಟ್ ಗ್ರಂಥಿಯಲ್ಲಿ ಉತ್ಪತ್ತಿಯಾಗುವ ಪಿಎಸ್‌ಎ ಎಂಬ ಪ್ರೋಟೀನನ್ನು 1979ರಲ್ಲಿ ಬಫಲೋ ನಗರದ ವಿಜ್ಞಾನಿಗಳು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಚಿಕಿತ್ಸೆ ಪಡೆದವರ ಮೇಲೆ ನಿಗಾ ಇಡಲು ಅದರ ಪರೀಕ್ಷೆಗೆ ಅಮೆರಿಕದಲ್ಲಿ 1986ರಲ್ಲಿ ಅನುಮತಿ ದೊರೆಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿರಿ. ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯೇ ಹೋಗುವುದರಿಂದ ರಕ್ತದಲ್ಲಿ ಪಿಎಸ್‌ಎ ಬಹುತೇಕ ಇರಬಾರದು. ಮಿಲಿಲೀಟರಿಗೆ 0.2 ನ್ಯಾನೋಗ್ರಾಂ ಮುಟ್ಟಿ, ಮರುಪರೀಕ್ಷೆಯಲ್ಲೂ ಅದು ಖಚಿತವಾದರೆ ಮರುಕಳಿಕೆಯ ಸೂಚನೆಯೆಂದು ಪರಿಗಣಿಸುತ್ತಾರೆ. ವಿಕಿರಣ ಚಿಕಿತ್ಸೆಯಲ್ಲಾದರೋ ಗ್ರಂಥಿ ದೇಹದಲ್ಲೇ ಉಳಿಯುತ್ತದೆ. ಪಿಎಸ್‌ಎ ನಿಧಾನವಾಗಿ ಇಳಿಯುತ್ತದೆ. ನಡುವೆ ತುಸು ಏರಿ ತಾನಾಗಿಯೇ ಇಳಿಯುವುದೂ ಉಂಟು. ಆದುದರಿಂದ ಅದು ತಲುಪಿದ ಕನಿಷ್ಠ ಮಟ್ಟಕ್ಕಿಂತ 2 ನ್ಯಾನೋಗ್ರಾಂ ಹೆಚ್ಚಾದಾಗ ಮಾತ್ರ ಮರುಕಳಿಕೆಯೆನ್ನಬೇಕೆಂದು 2005ರಲ್ಲಿ ಫೀನಿಕ್ಸ್ ನಗರದಲ್ಲಿ ಸೇರಿದ ತಜ್ಞರು ನಿರ್ಣಯಿಸಿದರು. ಹೀಗಾಗಿ 0.5 ಎಂಬ ಒಂದೇ ಅಂಕಿ ಒಬ್ಬರಿಗೆ ಎಚ್ಚರಿಕೆಯಾದರೆ, ಇನ್ನೊಬ್ಬರಿಗೆ ಸಮಾಧಾನವಾಗಬಹುದು.

ಪಿಎಸ್‌ಎ ಮತ್ತೆ ಏರಿತೆಂದರೆ ಅಂತ್ಯ ಸಮೀಪಿಸಿತೆಂದು ಅರ್ಥವೇ? 1999ರಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯರು, ಶಸ್ತ್ರಚಿಕಿತ್ಸೆಗೊಳಗಾದ 1,997 ಪುರುಷರ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ 315 ಮಂದಿಗೆ ಪಿಎಸ್‌ಎ ಏರಿತ್ತು. ಆ ಹಂತದಲ್ಲೇ ಹಾರ್ಮೋನ್ ಚಿಕಿತ್ಸೆ ಪಡೆಯದ 304 ಮಂದಿಯ ಪೈಕಿ, ಅಧ್ಯಯನದ ಅವಧಿಯೊಳಗೆ ರೋಗ ದೇಹದ ಬೇರೆಡೆಗೆ ಹರಡಿದ್ದು 103 ಮಂದಿಯಲ್ಲಿ. ಏರಿಕೆಯಿಂದ ಹರಡುವಿಕೆಯವರೆಗಿನ ಮಧ್ಯಮ ಅವಧಿ 8 ವರ್ಷ. ಗ್ಲೀಸನ್ ಅಂಕ, ಶಸ್ತ್ರಚಿಕಿತ್ಸೆಯ ಬಳಿಕ ಎಷ್ಟು ಬೇಗ ಏರಿಕೆ ಕಂಡಿತು, ಪಿಎಸ್‌ಎ ಎಷ್ಟು ತಿಂಗಳಲ್ಲಿ ಇಮ್ಮಡಿಯಾಯಿತು ಎಂಬ ಮೂರು ಸಂಗತಿಗಳು ಮುಂದಿನ ಹಾದಿಯನ್ನು ಸೂಚಿಸುತ್ತವೆಂದೂ ಅವರು ತೋರಿಸಿದರು.

ಮುನ್ಸೂಚನೆಯು ಚಿಕಿತ್ಸೆಯ ಕ್ರಮವನ್ನೂ ತಿದ್ದಿತು. ಶಸ್ತ್ರಚಿಕಿತ್ಸೆಯಾದ ಕೂಡಲೇ ವಿಕಿರಣ ನೀಡುವುದಕ್ಕಿಂತ, ಪಿಎಸ್‌ಎಯನ್ನು ಗಮನಿಸುತ್ತಿದ್ದು ಏರಿಕೆ ಕಂಡೊಡನೆ ನೀಡುವುದು ಬಹುಮಂದಿಗೆ ಸೂಕ್ತವೆಂದು 2020ರಲ್ಲಿ ಪ್ರಕಟವಾದ ಅಧ್ಯಯನಗಳು ತಿಳಿಸಿದವು. ಇದರಿಂದ ಅನೇಕರಿಗೆ ಅನಗತ್ಯ ವಿಕಿರಣವೂ ಅದರ ತೊಂದರೆಗಳೂ ತಪ್ಪಿದವು.

ಪ್ರಿಯ ಓದುಗರೇ, ಈ ಅಂಕಿಗಳೆಲ್ಲ ಬಹುಮಂದಿಯ ಅನುಭವದಿಂದ ತೆಗೆದ ಲೆಕ್ಕ. ನಿಮ್ಮ ತಂದೆಯವರ ಆಯುಷ್ಯವನ್ನು ಬರೆದಿಟ್ಟ ತೀರ್ಪಲ್ಲ. ಹಳೆಯ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಪಾನವಾಗಿಡಿರಿ. ಒಂದೇ ಅಂಕಿಯನ್ನು ನೋಡಿ ಎದೆಗುಂದದೆ, ಏರಿಕೆಯ ವೇಗವನ್ನು ವೈದ್ಯರಲ್ಲಿ ವಿಚಾರಿಸಿರಿ. ಮುಂದಿನ ವರದಿಗಾಗಿ ಕಾಯುವ ದಿನಗಳಲ್ಲಿ ಅವರನ್ನು ಒಂಟಿಯಾಗಿ ಬಿಡದಿರಿ.