ಅವ್ವ ಓದಿದ ದಪ್ಪಕ್ಷರ

ನಮ್ಮ ತುರ್ವಿಹಾಳಕ್ಕೆ ನಾಟಕದ ಕಂಪನಿಗಿಂತ ಮೊದಲು ಬರುತ್ತಿದ್ದುದು ಅದರ ಹ್ಯಾಂಡ್‌ಬಿಲ್ಲು. ಗುಲಾಬಿ, ಹಳದಿ ಬಣ್ಣದ ತೆಳು ಕಾಗದ. ನಾಟಕದ ಹೆಸರು ಕಪ್ಪಗೆ, ದಪ್ಪಗೆ. ಉಳಿದದ್ದೆಲ್ಲ ಇರುವೆ ಸಾಲು. ಅವ್ವ ಅದನ್ನು ಒಲೆಗೆ ಹಾಕಗೊಡುತ್ತಿರಲಿಲ್ಲ. ಹಿಟ್ಟಿನ ಡಬ್ಬಿಯ ಕೆಳಗೆ ಮಡಚಿ ಇಡುತ್ತಿದ್ದಳು. ನಿಜಾಮರ ಕಾಲದಲ್ಲಿ ಹುಟ್ಟಿದವಳು. ಆಗ ಶಾಲೆಯಲ್ಲಿ ಉರ್ದುವಿನದೇ ದರಬಾರು, ಹೆಣ್ಣುಮಕ್ಕಳನ್ನು ಕಳಿಸುವವರಾದರೂ ಯಾರು? ಅವಳು ಅಕ್ಷರ ಕೂಡಿಸಲು ಕಲಿತದ್ದೇ ಆ ಕಾಗದಗಳಿಂದ.

ಇಂಥ ದಪ್ಪಕ್ಷರದ ಕಥೆಯನ್ನು ನಾನು ಓದಿಕೊಂಡದ್ದು ಟೀಚರಾದ ಮೇಲೆ. 1815-17ರ ಸುಮಾರಿಗೆ ಲಂಡನ್ನಿನಲ್ಲಿ ವಿನ್ಸೆಂಟ್ ಫಿಗ್ಗಿನ್ಸ್ ಎಂಬ ಮೊಳೆ ಎರಕದವನು ಇಂಗ್ಲಿಷ್ ಅಕ್ಷರದ ತುದಿಗಿರುವ ಸಣ್ಣ ಪಾದವನ್ನು ಇಟ್ಟಿಗೆಯಷ್ಟು ದಪ್ಪ ಮಾಡಿದ. ಪುಸ್ತಕಕ್ಕಲ್ಲ, ಗೋಡೆಗೆ, ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸುವುದಕ್ಕೆ. ನೆಪೋಲಿಯನ್ 1798ರಲ್ಲಿ ಈಜಿಪ್ಟಿಗೆ ದಂಡೆತ್ತಿ ಹೋದ ಮೇಲೆ ಯುರೋಪಿನಲ್ಲಿ ಎಲ್ಲದಕ್ಕೂ ಈಜಿಪ್ಟಿನ ಹುಚ್ಚು. ಹಾಗಾಗಿ ಈ ಅಕ್ಷರಕ್ಕೂ ‘ಈಜಿಪ್ಟಿಯನ್’ ಎಂಬ ಹೆಸರು ಅಂಟಿತು. ಆ ದೇಶಕ್ಕೂ ಇದಕ್ಕೂ ಸಂಬಂಧವೇ ಇಲ್ಲ! ದೊಡ್ಡ ಸೀಸದ ಮೊಳೆ ಭಾರ, ದುಬಾರಿ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಕ್ಷರಗಳನ್ನು ಯಂತ್ರದಿಂದ ಕೊರೆಸಿದ ಮೇಲೆ ನಾಟಕ, ಸರ್ಕಸ್ಸು, ಹರಾಜು ಎಲ್ಲಕ್ಕೂ ಇವೇ ಆದವು.

ನಮ್ಮ ಕನ್ನಡದ ಅಕ್ಷರಕ್ಕೆ ಪಾದ ಎಲ್ಲಿದೆ? ಇರುವುದು ತಲೆಕಟ್ಟು. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಟು, ಮರುವರ್ಷ ನಮ್ಮ ಪಕ್ಕದ ಬಳ್ಳಾರಿಗೆ ಬಂದು ಮೊಳೆಯಲ್ಲಿ ಅಚ್ಚಾಯಿತು. ಮೊಳೆಯಲ್ಲಿ ಕನ್ನಡವನ್ನು ದಪ್ಪ ಮಾಡುವುದು ಸುಲಭವಲ್ಲ. ಹೊಟ್ಟೆಯೊಳಗಿನ ಕಿಂಡಿಗೆ ಮಸಿ ತುಂಬಿತೋ, ‘ಷ’ ಹೋಗಿ ‘ಪ’ ಆಗುತ್ತದೆ. ಒತ್ತಕ್ಷರಕ್ಕೆ ಕೆಳಗೆ ಬೇರೆ ಜಾಗ ಬೇಕು. ಅವ್ವನಿಗೆ ಒತ್ತಕ್ಷರ ಕಂಡರೆ ಈಗಲೂ ಸಿಟ್ಟು.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಚಾವಡಿಯ ಗೋಡೆಗೆ ಕಾಗದ ಅಂಟಿಸಿದ್ದರು. ನೀರಿಗೆ ಹೋದ ಅವ್ವ ಅದನ್ನು ಓದಿ, ಖಾಲಿ ಕೊಡದೊಂದಿಗೆ ಮನೆಗೆ ಬಂದು ಕುಕ್ಕರಿಸಿದಳು. ಮೇಲಿನ ದಪ್ಪಕ್ಷರ ‘ಹರಾಜು’. ಅಪ್ಪ ಹೊಲದ ಮೇಲೆ ಸಾಲ ತೆಗೆದಿದ್ದ. ಅಂದು ಒಲೆ ಹಚ್ಚಲಿಲ್ಲ. ಸಂಜೆ ಶಾಲೆಯಿಂದ ಬಂದು ವಿಷಯ ತಿಳಿದ ನಾನು ಚಾವಡಿಗೆ ಓಡಿ ಕೆಳಗಿನ ಇರುವೆ ಸಾಲನ್ನು ಓದಿದೆ. ಸರ್ವೆ ನಂಬರು ನಮ್ಮದಲ್ಲ. ಹೆಸರು ನಮ್ಮ ಓಣಿಯದೇ ಇನ್ನೊಬ್ಬರದು. ಹೇಳಿದಾಗ ಅವ್ವನ ಮುಖ ಅರಳಲಿಲ್ಲ. ಆ ಮನೆಯಾಕೆ ದಿನಾ ಅವಳ ಜೊತೆ ನೀರಿಗೆ ಬರುವವಳು.

ಅವತ್ತು ರಾತ್ರಿಯೇ, “ಸಣ್ಣ ಅಕ್ಷರನೂ ನಂಗ ಕಲಸು” ಅಂದಳು. ಪಾಟಿ ತಂದರೆ ಬೇಡವೆಂದಳು. ಹಿಟ್ಟಿನ ಡಬ್ಬಿ ಎತ್ತಿ ಹಳೆಯ ಹ್ಯಾಂಡ್‌ಬಿಲ್ಲು ತೆಗೆದಳು. ಕಂದೀಲಿನ ಮುಂದೆ ದಿನಾ ಒಂದು ಸಾಲು. ಎಷ್ಟೋ ದಿನಗಳ ಮೇಲೆ ಕಟ್ಟಕಡೆಯ ಸಾಲಿಗೆ ಬಂದಳು. ಬೆರಳಿಟ್ಟು, ಒತ್ತಕ್ಷರಗಳಲ್ಲಿ ಎಡವುತ್ತ ಓದಿದಳು: ‘ಸ್ತ್ರೀಯರಿಗೆ ಪ್ರತ್ಯೇಕ ಸ್ಥಳವಿದೆ.’

ಗಂಡಸರೇ ತುಂಬಿರುತ್ತಾರೆಂದು ಅವಳು ಒಂದು ನಾಟಕವನ್ನೂ ನೋಡಿರಲಿಲ್ಲ.

“ಇದನ್ಯಾಕ ಇಷ್ಟು ಸಣ್ಣಗ ಹಾಕ್ಯಾರ?” ಅಂದಳು.